ವಕಾಲತ್ತು ಮತ್ತು ಭಾಷೆ: ಮಾದಕವಸ್ತು ಮೊಕದ್ದಮೆಗಳಲ್ಲಿ ಪ್ರತಿವಾದದ ಹಕ್ಕು

ಮಾದಕವಸ್ತು ಪ್ರಕರಣದಲ್ಲಿ ಬಂಧಿತನಾದವನ ಮನೆಯವರು ಮೊದಲು ಹುಡುಕುವುದು ವಕೀಲನನ್ನು. ಶುಲ್ಕವೆಷ್ಟು, ಅನುಭವವೆಷ್ಟು ಎಂಬ ಎರಡು ಪ್ರಶ್ನೆಗಳು ಎಲ್ಲೆಡೆಯೂ ಏಳುವಂಥವು. ನ್ಯಾಯಾಲಯದ ಭಾಷೆ ತನ್ನದಲ್ಲದ ರಾಜ್ಯದಲ್ಲಿ ಬದುಕುವವನಿಗೆ ಮೂರನೆಯದೊಂದು ಪ್ರಶ್ನೆಯಿದೆ: ತನ್ನ ಮೇಲಿನ ಸಾಕ್ಷ್ಯವೇನೆಂಬುದನ್ನು ತನ್ನ ಮಾತಿನಲ್ಲಿ ತಿಳಿಸುವವರು ಯಾರು? ಭಾರತದ ಕಾನೂನಿನಲ್ಲಿ ವಕೀಲನನ್ನು ಪಡೆಯುವ ಹಕ್ಕೂ ಭಾಷೆಯ ಹಕ್ಕೂ ಬೇರೆಬೇರೆ ದಾರಿಗಳಲ್ಲಿ ಬೆಳೆದುಬಂದವು. ಅವೆರಡೂ ಸಂಧಿಸಿದ ಕಡೆ, ವಕೀಲನಿಗೆ ತಿಳಿದದ್ದು ಕಕ್ಷಿದಾರನಿಗೂ ತಿಳಿದಂತೆಯೇ ಎಂಬ ಗ್ರಹಿಕೆ ನೆಲೆಯೂರಿತು. ಗಡಿನಾಡ ಕನ್ನಡಿಗರ ಮಟ್ಟಿಗೆ ಈ ಚರಿತ್ರೆ ದೂರದ್ದಲ್ಲ.

1898ರ ದಂಡಪ್ರಕ್ರಿಯಾ ಸಂಹಿತೆಯ 340ನೆಯ ಕಲಮು ಆರೋಪಿಗೆ ವಕೀಲನ ಮೂಲಕ ಪ್ರತಿವಾದಿಸುವ ಅವಕಾಶ ನೀಡಿತ್ತು. ವಕೀಲನನ್ನು ಒದಗಿಸುವ ಹೊಣೆಯನ್ನು ಪ್ರಭುತ್ವದ ಮೇಲೆ ಹೊರಿಸಿರಲಿಲ್ಲ. ಹೈದರಾಬಾದಿನ ವಿಶೇಷ ನ್ಯಾಯಮಂಡಳಿಗಳಿಂದ ಮರಣದಂಡನೆಗೆ ಗುರಿಯಾದವರು ತಮಗೆ ವಕೀಲರ ನೆರವು ದೊರೆಯಲಿಲ್ಲವೆಂದು ದೂರಿದ ಜನಾರ್ದನ ರೆಡ್ಡಿ ಪ್ರಕರಣದಲ್ಲಿ, ಆ ಕೊರತೆಯೊಂದರಿಂದಲೇ ವಿಚಾರಣೆ ಅಸಿಂಧುವಾಗದೆಂದು ಸರ್ವೋಚ್ಚ ನ್ಯಾಯಾಲಯ 1951ರಲ್ಲಿ ಹೇಳಿತು. ಈ ನಿಲುವು ಬದಲಾಗಲು ಮೂರು ದಶಕಗಳೇ ಹಿಡಿದವು. 1973ರ ಸಂಹಿತೆಯ 304ನೆಯ ಕಲಮು ಸೆಷನ್ಸ್ ವಿಚಾರಣೆಯಲ್ಲಿ ಬಡ ಆರೋಪಿಗೆ ಸರ್ಕಾರಿ ವೆಚ್ಚದಲ್ಲಿ ವಕೀಲನನ್ನು ನೀಡಿತು. 1979ರ ಹುಸೇನಾರಾ ಖಾತೂನ್ ತೀರ್ಪು ಅದನ್ನು ಜೀವಿಸುವ ಹಕ್ಕಿನ ಭಾಗವಾಗಿಸಿತು. ಆರೋಪಿ ಕೇಳಲಿಲ್ಲ ಎಂಬ ನೆಪದಿಂದ ನೆರವನ್ನು ತಪ್ಪಿಸಲಾಗದೆಂದು 1986ರಲ್ಲಿ ಸುಕ್ ದಾಸ್ ಪ್ರಕರಣ ಸ್ಪಷ್ಟಪಡಿಸಿತು.

ಭಾಷೆಯ ದಾರಿ ಇಷ್ಟು ನೇರವಾಗಿಲ್ಲ. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲೇ ವಿವರಿಸಬೇಕೆಂಬ ನಿಯಮ 1898ರ ಸಂಹಿತೆಯಲ್ಲಿತ್ತು. 1973ರ ಸಂಹಿತೆಯ 279ನೆಯ ಕಲಮಿನಲ್ಲಿ ಮುಂದುವರಿಯಿತು. ಆದರೆ ಶಿವನಾರಾಯಣ ಕಾಬ್ರಾ ಮತ್ತು ಮದ್ರಾಸ್ ಸರ್ಕಾರದ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಯಮದ ಉಲ್ಲಂಘನೆಯನ್ನು ಕೇವಲ ಕ್ರಮಲೋಪವೆಂದು ಪರಿಗಣಿಸಿತು. ಆರೋಪಿಯ ಪರವಾಗಿ ವಕೀಲರಿದ್ದರು, ವಿಚಾರಣೆಯ ಕಾಲದಲ್ಲಿ ಆಕ್ಷೇಪಣೆ ಎತ್ತಿರಲಿಲ್ಲ, ಆದ್ದರಿಂದ ಅನ್ಯಾಯವಾಗಿಲ್ಲ ಎಂಬುದು ಅದರ ತರ್ಕ. ವಕೀಲನ ಕಿವಿ ಆರೋಪಿಯ ಕಿವಿಯ ಸ್ಥಾನಕ್ಕೆ ಬಂದದ್ದು ಹೀಗೆ.

ಮುನ್ನೆಚ್ಚರಿಕೆಯ ಬಂಧನದ ಕಾನೂನಿನಲ್ಲಿ ಚಿತ್ರ ತಲೆಕೆಳಗಾಗಿದೆ. ಇಂಗ್ಲಿಷಿನಲ್ಲಿದ್ದ ಬಂಧನದ ಕಾರಣಗಳನ್ನು ಪೊಲೀಸ್ ಅಧಿಕಾರಿ ಬಾಯಿಮಾತಿನಲ್ಲಿ ಅನುವಾದಿಸಿ ಹೇಳಿದರೆ ಸಾಲದು, ಬಂಧಿತನ ಭಾಷೆಯಲ್ಲೇ ತಿಳಿಸಬೇಕು ಎಂದು 1962ರ ಹರಿಕಿಸನ್ ತೀರ್ಪೂ 1981ರ ಲಲ್ಲೂಭಾಯಿ ಪಟೇಲ್ ತೀರ್ಪೂ ಗಟ್ಟಿಯಾಗಿ ಹೇಳಿದವು. ಮಾದಕವಸ್ತುಗಳ ಅಕ್ರಮ ಸಾಗಾಟವನ್ನು ತಡೆಯಲು 1988ರಲ್ಲಿ ಬಂದ ಬಂಧನ ಕಾಯಿದೆಗೂ ಸಂವಿಧಾನದ ಅದೇ ಅನುಚ್ಛೇದ ಅನ್ವಯಿಸುತ್ತದೆ. ಆದರೆ ಅಂಥ ಬಂಧಿತನಿಗೆ ವಕೀಲನನ್ನು ಹೊಂದುವ ಸಾಂವಿಧಾನಿಕ ಹಕ್ಕನ್ನು 22ನೆಯ ಅನುಚ್ಛೇದವೇ ನಿರಾಕರಿಸಿದೆ. ವಕೀಲನಿಲ್ಲದಲ್ಲಿ ಭಾಷೆಗೆ ಬೆಲೆ ಬಂತು. ವಕೀಲನಿದ್ದಲ್ಲಿ ಅದು ಗೌಣವಾಯಿತು.

1985ರ ನವೆಂಬರಿನಲ್ಲಿ ಜಾರಿಗೆ ಬಂದ ಮಾದಕದ್ರವ್ಯ ಮತ್ತು ಮನೋಪ್ರೇರಕ ವಸ್ತುಗಳ ಕಾಯಿದೆಯಲ್ಲಿ ಈ ಗೌಣತೆ ದುಬಾರಿಯಾಗುತ್ತದೆ. ವಾಣಿಜ್ಯ ಪ್ರಮಾಣದ ವಸ್ತುವಿಗೆ ಕನಿಷ್ಠ 10 ವರ್ಷಗಳ ಸೆರೆ. ಗಾಂಜಾ ಆದರೆ ಆ ಪ್ರಮಾಣದ ಗೆರೆ 20 ಕಿಲೋಗ್ರಾಂ. ಅಂಥ ಪ್ರಕರಣಗಳಲ್ಲಿ ಆರೋಪಿ ನಿರಪರಾಧಿಯೆಂದು ನಂಬಲು ಸಮಂಜಸ ಕಾರಣವಿದೆಯೆಂದೂ, ಹೊರಬಂದರೆ ಅವನು ಅಪರಾಧವೆಸಗಲಾರನೆಂದೂ ನ್ಯಾಯಾಲಯಕ್ಕೆ ಮನವರಿಕೆಯಾದ ಹೊರತು ಜಾಮೀನಿಲ್ಲ. 35ನೆಯ ಕಲಮು ಅಪರಾಧೀ ಮನಃಸ್ಥಿತಿಯನ್ನು ಮೊದಲೇ ಊಹಿಸಿಕೊಂಡು, ಅದನ್ನು ಅಲ್ಲಗಳೆಯುವ ಭಾರವನ್ನು ಆರೋಪಿಯ ಮೇಲೆ ಹಾಕುತ್ತದೆ.

ಮೊಕದ್ದಮೆಯ ಗತಿಯನ್ನು ನಿರ್ಧರಿಸುವ ಮಾತುಗಳು ಬಹುಮಟ್ಟಿಗೆ ವಕೀಲ ಬರುವ ಮೊದಲೇ ಆಡಿ ಮುಗಿದಿರುತ್ತವೆ. ಮೈತಪಾಸಣೆಗೆ ಮುನ್ನ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ನಡೆಸಿಕೊಳ್ಳುವ ಹಕ್ಕನ್ನು 50ನೆಯ ಕಲಮಿನಂತೆ ತಿಳಿಸಬೇಕು. ಬರಹದಲ್ಲೇ ತಿಳಿಸಬೇಕಿಲ್ಲವೆಂದು 1999ರ ಬಲದೇವ್ ಸಿಂಗ್ ತೀರ್ಪು ಹೇಳಿದ್ದರಿಂದ ಎಲ್ಲವೂ ಬಾಯಿಮಾತನ್ನೇ ಅವಲಂಬಿಸಿತು. ಕೇರಳದಿಂದ ಬಂದ ಕೆ. ಮೋಹನನ್ ಪ್ರಕರಣ ಇಲ್ಲಿ ಗಮನಾರ್ಹ: ಅಧಿಕಾರಿಯ ಎದುರು ತಪಾಸಣೆ ಬೇಕೇ ಎಂದು ಕೇಳುವುದು ಹಕ್ಕನ್ನು ತಿಳಿಸಿದಂತಾಗದು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ‘ಬೇಕೇ’ ಎಂಬುದಕ್ಕೂ ‘ನಿಮಗೆ ಹಕ್ಕಿದೆ’ ಎಂಬುದಕ್ಕೂ ಇರುವ ಅಂತರ ವ್ಯಾಕರಣದ್ದು. ಅದೇ ಅಂತರ ಒಬ್ಬನ ಬಿಡುಗಡೆಯನ್ನು ನಿರ್ಧರಿಸಬಲ್ಲದು. ಆ ವಾಕ್ಯ ಅರೆತಿಳಿದ ಭಾಷೆಯಲ್ಲಿ ಕಿವಿಗೆ ಬಿದ್ದಿದ್ದರೆ ಈ ಸೂಕ್ಷ್ಮ ಉಳಿಯುವುದು ಕಷ್ಟ. 67ನೆಯ ಕಲಮಿನಡಿ ಬರೆಸಿಕೊಂಡ ಹೇಳಿಕೆಗಳದ್ದೂ ಇದೇ ಕಥೆ. ತಮಿಳುನಾಡಿನ ತೂಫಾನ್ ಸಿಂಗ್ ಪ್ರಕರಣದಲ್ಲಿ, 2020ರಲ್ಲಿ, ಅವನ್ನು ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲವೆಂದು ಬಹುಮತದ ತೀರ್ಪು ಬರುವವರೆಗೂ ಸಹಿಯ ತೂಕ ದೊಡ್ಡದಾಗಿತ್ತು.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಮೇಲ್ಮನವಿಯ ದಾರಿ ಮದ್ರಾಸಿಗೆ. ಆಮೇಲೆ ಅದು ಎರ್ನಾಕುಳಕ್ಕೆ ತಿರುಗಿತು. ಹೊಸೂರು, ತಾಳವಾಡಿಗಳಲ್ಲಿ ತಮಿಳು, ಅಕ್ಕಲಕೋಟೆ, ಜತ್ತಗಳಲ್ಲಿ ಮರಾಠಿ ಕೆಳಹಂತದ ನ್ಯಾಯಾಲಯದ ಭಾಷೆಗಳಾದವು. ಮಂಗಳೂರಿನ ವಕೀಲ ಕಾಸರಗೋಡಿನಲ್ಲಿ ವಾದಿಸಲು 1961ರ ಅಡ್ವೊಕೇಟರ ಕಾಯಿದೆ ಅಡ್ಡಿಯಲ್ಲ. ಆದರೆ ಮಲಯಾಳದ ಮಹಜರನ್ನು ಓದಿ ಪಾಟೀಸವಾಲು ಮಾಡುವ ಬಲ ಸನ್ನದಿನಿಂದ ಬರುವುದಿಲ್ಲ. ಸ್ಥಳೀಯ ವಕೀಲನಿಗೆ ಕಡತ ತಿಳಿಯುತ್ತದೆ, ಕಕ್ಷಿದಾರನ ಕನ್ನಡ ತಿಳಿಯದಿರಬಹುದು. ಎರಡನ್ನೂ ಬಲ್ಲವನನ್ನು ಹುಡುಕುವ ಹೊಣೆ ಕುಟುಂಬದ ಮೇಲೆ ಬೀಳುತ್ತದೆ.

ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯಿದೆಯ 12ನೆಯ ಕಲಮಿನಂತೆ ಬಂಧನದಲ್ಲಿರುವ ಯಾರೇ ಆದರೂ ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಆ ಪಟ್ಟಿಯಲ್ಲಿ ಭಾಷಾ ಅಲ್ಪಸಂಖ್ಯಾತರೆಂಬ ವರ್ಗವಿಲ್ಲ. ಇರಬೇಕಾದದ್ದು ಪ್ರತ್ಯೇಕ ಅರ್ಹತೆಯೂ ಅಲ್ಲ, ನೇಮಕಗೊಳ್ಳುವ ವಕೀಲ ಆರೋಪಿಯೊಡನೆ ಅವನ ಭಾಷೆಯಲ್ಲಿ ಮಾತಾಡಬಲ್ಲವನಾಗಿರಬೇಕೆಂಬ ಷರತ್ತು. ಅದು ಬರುವ ತನಕ ಕಾಬ್ರಾ ತೀರ್ಪಿನ ಇನ್ನೊಂದು ಪಾಠವನ್ನು ಮರೆಯುವಂತಿಲ್ಲ. ಸಾಕ್ಷ್ಯ ತಿಳಿಯುತ್ತಿಲ್ಲವೆಂಬ ಆಕ್ಷೇಪಣೆ ಮೊದಲ ಸಾಕ್ಷಿಯ ದಿನವೇ ದಾಖಲಾಗಬೇಕು. ಮೇಲ್ಮನವಿಯಲ್ಲಿ ಹೇಳುವ ಹೊತ್ತಿಗೆ ವಕೀಲನ ಮೌನ ಆರೋಪಿಯ ಒಪ್ಪಿಗೆಯಾಗಿ ಕಡತ ಸೇರಿರುತ್ತದೆ.