ಮೀನಿನ ಕಾವಲಿಗೆ ಆಹಾರದ ಪೆಪ್ಟೈಡುಗಳು

ಕರಾವಳಿಯ ಬಂಗುಡೆ, ಸೀಗಡಿ ಘಟ್ಟ ಹತ್ತಿ ಚಳ್ಳಕೆರೆ, ನಾಯಕನಹಟ್ಟಿಯಂಥ ಬಿಸಿಲೂರು ಮುಟ್ಟುವವರೆಗೆ ಅವುಗಳ ಮುಖ್ಯ ಕಾವಲು ಐಸ್. ಆ ಕಾವಲಿಗೂ ಮಿತಿಯುಂಟು. ಐಸ್ ಕರಗಿದರೆ ವಿಬ್ರಿಯೊ ಬ್ಯಾಕ್ಟೀರಿಯಾ ಬಲುಬೇಗ ಹೆಚ್ಚುತ್ತವೆ. ಲಿಸ್ಟೀರಿಯಾ 4 ಡಿಗ್ರಿ ತಂಪಿನಲ್ಲೂ ಬೆಳೆಯಬಲ್ಲದು. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಅರೆಬರೆ ಒಣಗಿಸಿದ ಮರಿಮೀನು ತಿಂದು 272 ಮಂದಿ ಕಾಯಿಲೆ ಬಿದ್ದು, 20 ಮಂದಿ ಸತ್ತಾಗ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಪತ್ತೆಯಾಯಿತು. ನಮ್ಮಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಅವರ ತಂಡ ಇಂಥ ರೋಗಾಣುಗಳನ್ನು ಜೀನ್ ಮಟ್ಟದಲ್ಲಿ ಗುರುತಿಸುವ ಕೆಲಸವನ್ನು ದಶಕಗಳ ಕಾಲ ಮಾಡಿತು. ಗುರುತಿಸಿದ್ದನ್ನು ತಡೆಯಲು ಆಂಟಿಬಯೋಟಿಕ್ ದಾರಿಯಲ್ಲ. ಸೀಗಡಿಯಲ್ಲಿ ಅದರ ಉಳಿಕೆ ಕಂಡು ವಿದೇಶಿ ಮಾರುಕಟ್ಟೆಗಳು ಸರಕನ್ನು ತಿರಸ್ಕರಿಸಿವೆ, ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾದ ಭಯವೂ ಇದೆ. ಆಹಾರದಿಂದಲೇ ಸಿಗುವ, ಅಮೈನೋ ಆಮ್ಲಗಳ ಕಿರು ಸರಪಳಿಗಳಾದ ಪೆಪ್ಟೈಡುಗಳತ್ತ ಗಮನ ಹರಿದದ್ದು ಈ ಕಾರಣಕ್ಕೆ.

ಈ ದಾರಿ ಹಾಲಿನಿಂದ ಆರಂಭವಾಯಿತು. ಹಾಲಿನ ಬ್ಯಾಕ್ಟೀರಿಯಾ ಬಿಡುವ, 34 ಅಮೈನೋ ಆಮ್ಲಗಳ ನೈಸಿನ್‌ನ ಬ್ಯಾಕ್ಟೀರಿಯಾ ತಡೆಯುವ ಪರಿಣಾಮ 1928ರಲ್ಲಿ ಕಂಡಿತು. 1947ರಲ್ಲಿ ಅದಕ್ಕೆ ಹೆಸರು ಬಂತು. 1988ರಲ್ಲಿ ಅದನ್ನು ಆಹಾರದಲ್ಲಿ ಬಳಸಲು ಅಮೆರಿಕ ಒಪ್ಪಿಗೆ ಕೊಟ್ಟಿತು. 1990ರ ದಶಕದ ಆರಂಭದಲ್ಲಿ ಜಪಾನಿನ ಸಂಶೋಧಕರು ಹಾಲಿನ ಲ್ಯಾಕ್ಟೋಫೆರಿನ್ ಪ್ರೋಟೀನನ್ನು ಪೆಪ್ಸಿನ್‌ನಿಂದ ಕತ್ತರಿಸಿ ಲ್ಯಾಕ್ಟೋಫೆರಿಸಿನ್ ಪಡೆದರು. ಅಲ್ಲಿಂದ ಹುಡುಕಾಟ ಮೀನಿನ ಪ್ರೋಟೀನು, ಸೋಯಾ, ಕಾಳುಗಳತ್ತ ಹರಿಯಿತು. ಧನ ವಿದ್ಯುದಂಶದ ಇಂಥ ಪೆಪ್ಟೈಡು ಋಣ ವಿದ್ಯುದಂಶವಿರುವ ಬ್ಯಾಕ್ಟೀರಿಯಾದ ಪೊರೆಗೆ ಅಂಟಿ, ಅದನ್ನು ತೂತು ಮಾಡಬಲ್ಲದು.

ಆಕ್ಷೇಪಗಳು ಬಲವಾಗಿವೆ, ಅವನ್ನು ತಳ್ಳಿಹಾಕುವಂತಿಲ್ಲ. ವಿಬ್ರಿಯೊಗೆ ಹೊರಪೊರೆಯೊಂದು ಹೆಚ್ಚಿರುವುದರಿಂದ ನೈಸಿನ್ ಒಂದೇ ಅದರ ಮುಂದೆ ನಡೆಯದು. ಆ ಪೊರೆಯನ್ನು ಹಿಡಿದಿಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸೆಳೆಯುವ ಪದಾರ್ಥ ಜೊತೆಗಿರಬೇಕು. ಪ್ರಯೋಗಾಲಯದ ದ್ರವದಲ್ಲಿ ಗೆದ್ದದ್ದು ಮೀನಿನ ಮೇಲೆ ಸೋಲಬಹುದು: ಉಪ್ಪು ಧನ-ಋಣ ವಿದ್ಯುದಂಶಗಳ ಆಕರ್ಷಣೆಯನ್ನು ಕುಂದಿಸುತ್ತದೆ, ಕೊಬ್ಬು ಪೆಪ್ಟೈಡನ್ನು ಹೀರುತ್ತದೆ, ಮೀನಿನದೇ ಕಿಣ್ವಗಳು ಅದನ್ನು ಕತ್ತರಿಸುತ್ತವೆ. ಶುದ್ಧೀಕರಣವೂ ದುಬಾರಿ. ಹಾಗೆಂದು ಹಾದಿಯನ್ನೇ ಬಿಡಬೇಕಿಲ್ಲ. ಐಸಿಗೆ ಬದಲಿ ಹುಡುಕುತ್ತಿದ್ದೇವೆ ಎಂದುಕೊಂಡರೆ ಈ ಕೊರತೆಗಳು ಸೋಲು. ಐಸಿನ ಜೊತೆಗಿನ ಎರಡನೇ ತಡೆ ಎಂದುಕೊಂಡರೆ ಪರಿಹರಿಸಬಹುದಾದ ಕೆಲಸಗಳು.

ಕಚ್ಚಾವಸ್ತು ನಮ್ಮಲ್ಲೇ ಇದೆ. ಎಣ್ಣೆಗಿರಣಿಗಳ ಊರಾದ ಚಳ್ಳಕೆರೆಯ ಶೇಂಗಾ ಹಿಂಡಿ ಪ್ರೋಟೀನಿನ ಕಣಜ. ಆದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷವಿರಬಹುದು, ಶೇಂಗಾ ಅಲರ್ಜಿಯಿರುವವರಿಗೆ ಅಪಾಯವೂ ಆಗಬಹುದು. ಆದ್ದರಿಂದ ಈ ಎರಡು ಪರೀಕ್ಷೆಗಳೇ ಮೊದಲು ನಡೆಯಬೇಕು. 1950ರಿಂದ ಇರುವ ಮೈಸೂರಿನ ಸಿಎಫ್‌ಟಿಆರ್‌ಐ ಮತ್ತು ಮಂಗಳೂರಿನ ಅನುಭವ ಕೂಡಿದರೆ ಅದು ಸಾಧ್ಯ. ದ್ರವದಲ್ಲಿ ಪರೀಕ್ಷಿಸಿದ ಇನ್ನೊಂದು ಪೆಪ್ಟೈಡಿನ ಹೆಸರಿಗಿಂತ, ಬಯಲುಸೀಮೆಯ ಶಾಖದಲ್ಲಿ ಬಂಗುಡೆಯ ಮೇಲೆಯೇ ಪರೀಕ್ಷಿಸಿದ ಒಂದು ಫಲಿತಾಂಶ ತಿನ್ನುವವರಿಗೆ ಹೆಚ್ಚು ಬೇಕಾದದ್ದು.