ಜಲಪ್ರಳಯವೂ ಕಲಿಯುಗವೂ

ಮಂಡ್ಯದ ಸೀಮೆಯ ಕೊತ್ತತ್ತಿಯಂತಹ ಹಳ್ಳಿಗಳಲ್ಲಿ ಹಿಂದಿನ ತಲೆಯವರು ಕಾಲವನ್ನು ಇಸವಿಯಿಂದ ಎಣಿಸುತ್ತಿರಲಿಲ್ಲ. 1876-78ರ ಕ್ಷಾಮವು ಅವರ ಬಾಯಲ್ಲಿ ಧಾತು-ಈಶ್ವರದ ಬರ. ಪುರೋಹಿತರಂತೂ ಸಂಕಲ್ಪ ಹೇಳುವಾಗ ಶ್ವೇತವರಾಹಕಲ್ಪದಿಂದಲೇ ಹೊರಟು, ಕಲಿಯುಗದ ಪ್ರಥಮಪಾದವನ್ನು ಹಾದು, ಈ ದಿನದ ತಿಥಿವಾರಗಳಿಗೆ ಬಂದು ನಿಲ್ಲುತ್ತಾರೆ. ಆದಿಯನ್ನು ನೆನೆಯದೆ ಇಂದಿನ ದಿನವನ್ನು ಹೇಳಬಾರದೆಂಬ ಈ ಭಾವನೆ ನಮಗೆ ಮಾತ್ರ ಮೀಸಲಾದುದಲ್ಲ. ಯೂರೋಪಿನ ಮಧ್ಯಯುಗದ ಕ್ರೈಸ್ತ ಚರಿತ್ರಕಾರರೂ ಹೀಗೆಯೇ ಬರೆದವರು.

ಬೈಬಲ್ಲು ಅವರಿಗೆ ಧರ್ಮಗ್ರಂಥವಷ್ಟೇ ಅಲ್ಲ, ಕಾಲದ ಅಳತೆಗೋಲೂ ಆಗಿತ್ತು. ಯುಸೇಬಿಯಸನ ಕಾಲಗಣನೆಯಂತೆ ಸೃಷ್ಟಿಯಾದುದು ಕ್ರಿ.ಪೂ. 5199ರಲ್ಲಿ, ಜಲಪ್ರಳಯವು 2957ರಲ್ಲಿ. ಸೃಷ್ಟಿಯ ಆರು ದಿನಗಳಿಗೆ ಸರಿಯಾಗಿ ಲೋಕಕ್ಕೂ ಆರು ಯುಗಗಳೆಂದೂ, ತಾವಿರುವುದು ಆರನೆಯದೆಂದೂ ಸಂತ ಆಗಸ್ಟೀನನು ಬೋಧಿಸಿದನು. ಇಂಗ್ಲೆಂಡಿನ ಬೀಡನೆಂಬ ಸನ್ಯಾಸಿ ಹೀಬ್ರೂ ಪಾಠದ ಅಂಕೆಗಳನ್ನು ಹಿಡಿದು ಸೃಷ್ಟಿಯನ್ನು 3952ಕ್ಕೆ ಇಳಿಸಿದಾಗ, 708ರ ಸುಮಾರಿಗೆ ಅವನ ಮೇಲೆ ಪಾಷಂಡಿಯೆಂಬ ಅಪವಾದವೇ ಬಂದಿತು! ವರ್ಷಗಳನ್ನು ಕಳೆಯುವುದೂ ಆಗ ಅಪಾಯದ ಕೆಲಸವಾಗಿತ್ತು. ಅದೇ ಬೀಡನು 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ ತನ್ನ ನಾಡಿನ ರಾಜ ಎಥೆಲ್‌ಫ್ರಿತ್ತನನ್ನು ಇಸ್ರಾಯೇಲಿನ ಸೌಲನಿಗೆ ಹೋಲಿಸುತ್ತಾನೆ. ನಮ್ಮ ಪಂಪನು 941ರಲ್ಲಿ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡುದನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವೆನಿಸದು.

ಈ ಅಳತೆಗೋಲು ನಮ್ಮ ಸೀಮೆಗೂ ಬಂದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ನಮ್ಮವರಂತೆ ಉಟ್ಟು, ನಮ್ಮವರ ನಡುವೆ ಬಾಳಿ, ಸಿಡುಬಿಗೆ ದೇವಿಹಾಕುವ ಕ್ರಮವನ್ನು ಹಬ್ಬಿಸಿದ ಮಹನೀಯರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಗ್ರಂಥವು 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಊಟ, ಮಡಿ, ಮದುವೆ, ಶ್ರಾದ್ಧಗಳನ್ನು ಅವರು ಕಣ್ಣಾರೆ ಕಂಡು ಬರೆದಿದ್ದಾರೆ. ಅವರ ಕಟುವಾದ ಮಾತುಗಳನ್ನು ನಾವು ಒಪ್ಪದಿದ್ದರೂ ಆ ಭಾಗಗಳ ಬೆಲೆ ಕಡಿಮೆಯಾಗದು. ಆದರೆ ನಮ್ಮ ಮೂಲವನ್ನು ಹುಡುಕಹೊರಟಾಗ ಅವರ ಕಣ್ಣು ನಮ್ಮ ಮೇಲಿಂದ ಸರಿದು ನೋಹನ ನಾವೆಯತ್ತ ತಿರುಗುತ್ತದೆ. ನಮ್ಮ ಸಪ್ತರ್ಷಿಗಳು ನೋಹನ ಮಗ ಯಾಫೇತನ ಏಳು ಮಂದಿ ಮಕ್ಕಳಿರಬಹುದೆಂದು ಅವರ ಊಹೆ. ಕಲಿಯುಗದ ಆರಂಭವೂ ಜಲಪ್ರಳಯಕ್ಕೆ ಹತ್ತಿರದ್ದೆಂದು ಅವರು ಕಂಡರು.

ಕಲಿಯ ಆದಿ ಕ್ರಿ.ಪೂ. 3102, ಯುಸೇಬಿಯಸನ ಪ್ರಳಯಕ್ಕೂ ಇದಕ್ಕೂ ಅಂತರ 145 ವರ್ಷ ಮಾತ್ರ. ಈ ಸಾಮೀಪ್ಯಕ್ಕೆ ಯಾರಾದರೂ ಮರುಳಾಗುವಂತೆಯೇ ಇದೆ. ಆದರೆ ಒಂದು ಅಂಕೆ ವಂಶಾವಳಿಗಳ ಆಯುಷ್ಯಗಳನ್ನು ಕೂಡಿಸಿ ಬಂದುದು. ಇನ್ನೊಂದು, ಗ್ರಹಗಳೆಲ್ಲ ಒಂದೆಡೆ ನಿಂತ ಕಾಲವನ್ನು ಜ್ಯೋತಿಷಿಗಳು ಹಿಂದಕ್ಕೆ ಗುಣಿಸಿ ಪಡೆದುದು. ಎರಡೂ ಯಾರೊಬ್ಬರ ನೆನಪೂ ಅಲ್ಲ. ನಾವು ಪಾದ್ರಿಗಳನ್ನು ನೋಡಿ ನಗುವಂತೆಯೂ ಇಲ್ಲ: 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಶಕವರ್ಷ 556ರ ಜೊತೆಗೆ ಭಾರತಯುದ್ಧದಿಂದ 3735 ವರ್ಷಗಳೆಂದು ಕೆತ್ತಿಸಿ, ಎರಡನ್ನೂ ಒಂದೇ ನಂಬಿಕೆಯಿಂದ ನಮ್ಮ ಕೈಗಿತ್ತಿದ್ದಾನೆ.