ತುಟಿಯ ಗುಳ್ಳೆಯ ಹೆಸರೂ ಅದರ ಲೇಪವಿಧಿಯೂ

ರೋಗಕ್ಕೆ ಹೆಸರಿಡುವುದೇ ಚಿಕಿತ್ಸೆಯ ಮೊದಲನೆಯ ಮೆಟ್ಟಿಲು. ಹೆಸರು ತಪ್ಪಿದಲ್ಲಿ ಔಷಧವೂ ತಪ್ಪುವ ಸಂಭವವುಂಟು. ಜ್ವರ ಬಂದುಹೋದ ಮೇಲಾಗಲಿ, ಬಿಸಿಲಿನಲ್ಲಿ ಬಳಲಿದ ಮೇಲಾಗಲಿ ತುಟಿಯಂಚಿನಲ್ಲಿ ಗುಂಪುಗೂಡಿ ಏಳುವ ಸಣ್ಣ ಗುಳ್ಳೆಗಳನ್ನು ಕಾಣದವರು ವಿರಳ. ಇವುಗಳ ಶಾಸ್ತ್ರೀಯ ನಾಮವೇನು, ಆ ನಾಮದಿಂದ ಉಂಟಾಗಿರುವ ಗೊಂದಲವೇನು, ಲೇಪನದ ವಿಷಯದಲ್ಲಿ ಪ್ರಾಚೀನರ ಮತ್ತು ಆಧುನಿಕರ ವಿಧಿಗಳೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶವಾಗಿದೆ.

ಮಲಪ್ರಭೆಯ ಆಸುಪಾಸಿನ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಚರ್ಮರೋಗವೆಂದೊಡನೆ ಜನರ ಮನಸ್ಸಿಗೆ ಬರುವುದು ಸವದತ್ತಿಯ ಗುಡ್ಡ. ಶಾಸನಗಳಲ್ಲಿ ಸುಗಂಧವರ್ತಿಯೆಂದು ಹೆಸರಾದ ಈ ಊರು ರಟ್ಟರಿಗೆ ರಾಜಧಾನಿಯಾಗಿದ್ದಿತು. ಅದರ ಸಮೀಪದ ಎಲ್ಲಮ್ಮನ ಕ್ಷೇತ್ರದ ಐತಿಹ್ಯದಲ್ಲಿ, ಜಮದಗ್ನಿಯ ಶಾಪದಿಂದ ರೇಣುಕೆಯ ಮೈ ರೋಗದಿಂದ ಕೆಟ್ಟಿತೆಂದೂ, ಎಕ್ಕಯ್ಯ ಜೋಗಯ್ಯರೆಂಬ ಸಿದ್ಧರ ಉಪದೇಶದಂತೆ ಸ್ನಾನಮಾಡಿ ಆಕೆ ಮೊದಲಿನ ರೂಪವನ್ನು ಪಡೆದಳೆಂದೂ ಹೇಳುವರು. ಜೋಗುಳಬಾವಿಯ ನೀರು ಚರ್ಮರೋಗವನ್ನು ಕಳೆಯುವುದೆಂಬ ನಂಬಿಕೆ ಈ ಕಥೆಯೊಡನೆ ಹೆಣೆದುಕೊಂಡಿದೆ. ಇಲ್ಲಿ ರೋಗಕ್ಕೆ ಕಾರಣ ಶಾಪ, ಪರಿಹಾರ ತೀರ್ಥ. ಜನಭಾವನೆಯ ಎರಡನೆಯ ಎಳೆ ಸರ್ಪದ್ದು. ಮೈಯ ಒಂದು ಪಕ್ಕಕ್ಕೆ ಪಟ್ಟೆಯಾಗಿ ಏಳುವ ಉರಿಗುಳ್ಳೆಗಳಿಗೆ ಕನ್ನಡಿಗರು ಸರ್ಪಸುತ್ತು ಎನ್ನುತ್ತಾರೆ. ಅದರ ಮೇಲೆ ಕೆಮ್ಮಣ್ಣನ್ನು ಬಳಿಯುವ ವಾಡಿಕೆಯೂ ಉಂಟು. ನಮ್ಮ ವಿಚಾರಕ್ಕೆ ಮುಖ್ಯವಾದುದು ಈ ಎರಡನೆಯ ಎಳೆ.

ಸರ್ಪಸುತ್ತಿಗೂ ತುಟಿಯ ಗುಳ್ಳೆಗೂ ಪಾಶ್ಚಾತ್ಯ ವೈದ್ಯರು ಹರ್ಪೀಸ್ ಎಂಬ ಒಂದೇ ಕುಲನಾಮವನ್ನು ಕೊಟ್ಟಿದ್ದಾರೆ. ಇದು 'ತೆವಳು, ಹರಿದಾಡು' ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ ಶಬ್ದ. ನಮ್ಮ 'ಸೃಪ್' ಧಾತುವೂ ಇದೂ ಸಹೋದರರು. ಸಂಸ್ಕೃತದಲ್ಲಿ ಪದಾದಿಯ ಸಕಾರವಿರುವಲ್ಲಿ ಗ್ರೀಕಿನಲ್ಲಿ ಹಕಾರವು ಬರುವುದು ಭಾಷಾಶಾಸ್ತ್ರಜ್ಞರಿಗೆ ಗೊತ್ತಿರುವ ನಿಯಮ. 'ಸಪ್ತ'ಕ್ಕೆ ಅಲ್ಲಿ 'ಹೆಪ್ತ' ಎಂದಿರುವುದೇ ಇದಕ್ಕೆ ಸಾಕ್ಷಿ. ಸರ್ಪ, ವಿಸರ್ಪ, ಹರ್ಪೀಸ್ ಮೂರೂ ಹೀಗೆ ಒಂದೇ ಬೇರಿನ ಕವಲುಗಳು. ಈ ಶಬ್ದಸಾಮ್ಯಕ್ಕೆ ಮರುಳಾಗಿ ಚರಕದ ವಿಸರ್ಪವೇ ಹರ್ಪೀಸ್ ಎಂದು ನಿರ್ಣಯಿಸುವುದುಂಟು. ಈ ಲೇಖಕನೂ ಪಾಠ ಹೇಳುವಾಗ ಬಹುಕಾಲ ಹಾಗೆಯೇ ಹೇಳಿಕೊಂಡು ಬಂದವನು. ಗ್ರಂಥಗಳನ್ನು ಎದುರುಬದುರಾಗಿಟ್ಟು ನೋಡಿದ ಮೇಲೆ ಆ ನಿರ್ಣಯವು ನಿಲ್ಲತಕ್ಕದ್ದಲ್ಲವೆಂದು ತೋರಿತು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 21ನೆಯ ಅಧ್ಯಾಯವು ವಿಸರ್ಪಕ್ಕೆ ಮೀಸಲು. ಅಲ್ಲಿ ಅಗ್ನಿವೇಶನು ಇದನ್ನು ಹಾವಿನ ವಿಷಕ್ಕೆ ಸಮನಾದ ದಾರುಣರೋಗವೆಂದು ವರ್ಣಿಸಿ ಗುರುವನ್ನು ಪ್ರಶ್ನಿಸುತ್ತಾನೆ. ವಿಸರ್ಪದಲ್ಲಿ ಏಳು ವಿಧ, ಸನ್ನಿಪಾತಜವು ಅಸಾಧ್ಯ. ಶರೀರದಲ್ಲಿ ವೇಗವಾಗಿ ಹಬ್ಬಿ ಪ್ರಾಣವನ್ನೇ ತೆಗೆಯಬಲ್ಲ ಈ ವ್ಯಾಧಿಗೂ, ವಾರ ಹತ್ತು ದಿನಗಳಲ್ಲಿ ತಾನಾಗಿಯೇ ಮಾಯುವ ತುಟಿಯ ಗುಳ್ಳೆಗೂ ಹೋಲಿಕೆ ಅಲ್ಪ. ಇನ್ನು ಸುಶ್ರುತಸಂಹಿತೆಯ ನಿದಾನಸ್ಥಾನದ 16ನೆಯ ಅಧ್ಯಾಯವನ್ನು ನೋಡಬೇಕು. ಮುಖರೋಗಗಳನ್ನು ಹೇಳುವ ಈ ಅಧ್ಯಾಯದಲ್ಲಿ ಎಂಟು ಬಗೆಯ ಓಷ್ಠರೋಗಗಳಿವೆ. ಅವುಗಳಲ್ಲಿ ಪಿತ್ತಜವಾದುದರ ಲಕ್ಷಣ ಹೀಗೆ: ಸಾಸಿವೆಯಂತಹ ಪಿಟಕಗಳು ತುಟಿಯನ್ನು ಆವರಿಸುತ್ತವೆ, ಉರಿ, ಪಾಕ, ಸ್ರಾವಗಳು ಇರುತ್ತವೆ. ಮೊದಲು ಚುರುಗುಟ್ಟಿ, ಬಳಿಕ ಗುಳ್ಳೆಯೆದ್ದು, ಒಡೆದು ಸೋರಿ, ಹೊಪ್ಪಳೆ ಕಟ್ಟುವ ನಮ್ಮ ರೋಗಕ್ಕೆ ಶಾಸ್ತ್ರದಲ್ಲಿ ಅತಿ ಸಮೀಪವಾದ ಚಿತ್ರ ಇದೇ ಎಂದು ನನ್ನ ಅಭಿಪ್ರಾಯ. ಸಾರಾಂಶವಿಷ್ಟು: ಹರ್ಪೀಸಿಗೆ ವಿಸರ್ಪವು ಶಬ್ದದಿಂದ ಬಂಧು, ಪಿತ್ತಜ ಓಷ್ಠಕೋಪವು ಲಕ್ಷಣದಿಂದ ಬಂಧು. ವೈದ್ಯಕ್ಕೆ ಬೇಕಾದುದು ಎರಡನೆಯ ಬಾಂಧವ್ಯ.

ಇದು ಕೇವಲ ಪಂಡಿತರ ವಾಗ್ವಾದವೆಂದು ಭಾವಿಸಬಾರದು. ತುಟಿಯ ಗುಳ್ಳೆಗೆ ಕಾರಣವಾದ ವೈರಸ್ಸು ಬೇರೆ, ಸರ್ಪಸುತ್ತಿನದು ಬೇರೆ. ಅವೆರಡೂ ಒಂದೇ ಕುಲದವು, ಅಷ್ಟೆ. ಸರ್ಪಸುತ್ತು ಹಿಂದೆಂದೋ ಬಂದುಹೋದ ಸಿಡುಬಿನಂತಹ ಕೋಟಲೆಯ, ಎಂದರೆ ಸೀತಾಳೆಸಿಡುಬಿನ, ವೈರಸ್ಸಿನಿಂದಲೇ ಮರುಕಳಿಸುವುದು. ಅದಕ್ಕೆ ಹೊಟ್ಟೆಗೆ ತೆಗೆದುಕೊಳ್ಳುವ ಗುಳಿಗೆ ಬೇಕು. ಗುಳ್ಳೆ ಕಂಡ 72 ಗಂಟೆಗಳೊಳಗಾಗಿ ಅದನ್ನು ಆರಂಭಿಸುವುದು ಲೇಸು. ಮುಖದ ಮೇಲೆ ಸರ್ಪಸುತ್ತೆದ್ದವನು 'ಎರಡೂ ಹರ್ಪೀಸಲ್ಲವೆ' ಎಂದು ತುಟಿಯ ಮುಲಾಮನ್ನು ಹಚ್ಚಿಕೊಂಡು ಕುಳಿತರೆ ಅಮೂಲ್ಯವಾದ ಕಾಲ ಕಳೆಯುತ್ತದೆ, ಕಣ್ಣಿಗೂ ಅಪಾಯ ತಟ್ಟಬಹುದು. ತುಟಿಯ ಗುಳ್ಳೆಗೆ ಸರ್ಪದ ಹೆಸರು ಬಿದ್ದರೆ ನಾಗದೋಷದ ಭಯ ಹುಟ್ಟುತ್ತದೆ. ಹರ್ಪೀಸ್ ಎಂದು ಮಾತ್ರ ಕೇಳಿದವನಿಗೆ, ಅದೇ ಹೆಸರಿನ ಗುಹ್ಯರೋಗವೂ ಇರುವುದರಿಂದ, ನಿಷ್ಕಾರಣವಾದ ಲಜ್ಜೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಮೊದಲನೆಯ ಬಗೆಯ ಈ ವೈರಸ್ಸು ನೆಲೆಸಿದೆ. ಹೆಚ್ಚಿನವರಿಗೆ ಅದು ಬಾಲ್ಯದಲ್ಲಿಯೇ ಅಂಟಿರುತ್ತದೆ. ಇದರಲ್ಲಿ ಶಾಪವೆಲ್ಲಿ, ಲಜ್ಜೆಯೆಲ್ಲಿ?

ಚರಕನ ವಿಸರ್ಪಾಧ್ಯಾಯವು ನಮ್ಮ ರೋಗದ್ದಲ್ಲವಾದರೂ ಲೇಪವಿಧಿಯ ದೃಷ್ಟಿಯಿಂದ ಅದು ಮನನೀಯ. ತುಪ್ಪದಲ್ಲಿ ಕಲಸಿದ ಗೈರಿಕದ ಲೇಪವನ್ನು ಅಲ್ಲಿ ಹೇಳಿದೆ. ನಮ್ಮ ಹಳ್ಳಿಗಳ ಕೆಮ್ಮಣ್ಣು ಅದೇ ಅಲ್ಲವೆ? ಲೇಪದ ದಪ್ಪವು ಹೆಬ್ಬೆರಳಿನ ಮೂರನೆಯ ಒಂದು ಪಾಲಿನಷ್ಟಿರಬೇಕು. ಅತಿ ಜಿಡ್ಡಾಗಲಿ ಅತಿ ಒಣಕಲಾಗಲಿ ಆಗಬಾರದು. ತಂಗಳು ಲೇಪವನ್ನು ಬಳಸಬಾರದು. ಒಮ್ಮೆ ಹಚ್ಚಿ ತೆಗೆದುದನ್ನು ಮತ್ತೆ ಹಚ್ಚಬಾರದು. ಲೇಪದ ಮೇಲೆ ಲೇಪವನ್ನಿಡಬಾರದು. ಸುಶ್ರುತನು ಸೂತ್ರಸ್ಥಾನದ 18ನೆಯ ಅಧ್ಯಾಯದಲ್ಲಿ ಲೇಪವು ಹಸಿಯ ಎಮ್ಮೆದೊಗಲಿನಷ್ಟು ದಪ್ಪವಿರಬೇಕೆಂದೂ, ರೋಮಗಳಿಗೆ ಎದುರಾಗಿ ಹಚ್ಚಬೇಕೆಂದೂ ವಿಧಿಸುತ್ತಾನೆ. ಪೂರ್ವಿಕರು ವೈರಸ್ಸನ್ನು ಬಲ್ಲವರಾಗಿದ್ದರೆನ್ನುವುದು ಅತಿಶಯೋಕ್ತಿ. ಕೆಮ್ಮಣ್ಣು ತುಪ್ಪಗಳು ಉರಿಯನ್ನು ತಣಿಸಿಯಾವು, ವೈರಸ್ಸನ್ನು ತಡೆಯಲಾರವು. ಆದರೆ ಔಷಧದ ಗುಣದಷ್ಟೇ ಅದನ್ನು ಹಚ್ಚುವ ಮಾತ್ರೆ, ಕಾಲ, ಕ್ರಮಗಳೂ ಮುಖ್ಯವೆಂಬ ತತ್ತ್ವವನ್ನು ಅವರು ಕಂಡಿದ್ದರು. ಆ ತತ್ತ್ವಕ್ಕೆ ಇಂದಿಗೂ ಬೆಲೆಯುಂಟು.

ವೈರಸ್ಸಿನ ಮೇಲೆಯೇ ನಾಟುವ ಔಷಧವು ದೊರೆತುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಸೈಕ್ಲೊವಿರ್ ಎಂಬ ದ್ರವ್ಯದ ಗುಣವನ್ನು 1977ರಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಅವರ ಸಂಗಡಿಗರು ಪ್ರಕಟಪಡಿಸಿದರು. ಔಷಧ ನಿರ್ಮಾಣದ ತತ್ತ್ವಗಳನ್ನು ಶೋಧಿಸಿದುದಕ್ಕಾಗಿ ಆಕೆಗೆ 1988ರಲ್ಲಿ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಡನೆ ಕೊಡಲಾಯಿತು. ಈ ದ್ರವ್ಯದ ಕೆಲಸವು ವಿಸ್ಮಯಕರ. ವೈರಸ್ಸು ಹೊಕ್ಕ ಜೀವಕಣದಲ್ಲಿ ವೈರಸ್ಸಿನದೇ ಒಂದು ಕಿಣ್ವವು ಇದನ್ನು ಚುರುಕುಗೊಳಿಸುತ್ತದೆ. ಚುರುಕುಗೊಂಡ ಔಷಧವು ವೈರಸ್ಸಿನ ಸಂತಾನಸೂತ್ರದಲ್ಲಿ ಸೇರಿ ಅದರ ಬೆಳವಣಿಗೆಯನ್ನು ಕಡಿಯುತ್ತದೆ. ಶತ್ರುವಿನ ಕೈಯಿಂದಲೇ ಶತ್ರುವಿನ ಬಂಧನವಾಗುವ ಬಗೆ ಇದು. ಆರೋಗ್ಯದ ಕಣಗಳಿಗೆ ಬಾಧೆ ಅಲ್ಪ.

ನೂರಕ್ಕೆ 5 ಪಾಲು ಈ ದ್ರವ್ಯವಿರುವ ಮುಲಾಮಿನ ಪ್ರಯೋಗವಿಧಿಯನ್ನು ನಮ್ಮ ಶಾಸ್ತ್ರಗಳ ಕ್ರಮದಲ್ಲಿ ಹೇಳುವುದಾದರೆ ಹೀಗೆ ಹೇಳಬಹುದು. ಕಾಲ: ಗುಳ್ಳೆ ಏಳುವ ಮುನ್ನ ಚುರುಗುಟ್ಟಿದಾಗಲೇ ಆರಂಭಿಸತಕ್ಕದ್ದು, ಎಚ್ಚರವಿರುವಾಗ 4 ಗಂಟೆಗೊಮ್ಮೆಯಂತೆ ದಿನಕ್ಕೆ 5 ಸಲ, 5 ದಿನ, ಮಾಯದಿದ್ದರೆ ಇನ್ನೂ 5 ದಿನ. 10 ದಿನಗಳಲ್ಲಿಯೂ ಗುಣವಾಗದಿದ್ದರೆ ವೈದ್ಯರನ್ನು ಕಾಣಬೇಕು. ಮಾತ್ರೆ: ಗುಳ್ಳೆಯನ್ನೂ ಅದರ ಅಂಚನ್ನೂ ಮುಚ್ಚುವಷ್ಟು ತೆಳುವಾಗಿ, ಇಲ್ಲಿ ಎಮ್ಮೆದೊಗಲಿನ ದಪ್ಪ ಬೇಡ. ಕ್ರಮ: ಹಚ್ಚುವ ಮೊದಲೂ ಹಚ್ಚಿದ ಬಳಿಕವೂ ಸಾಬೂನಿನಿಂದ ಕೈತೊಳೆಯಬೇಕು, ಉಜ್ಜದೆ ಮೆಲ್ಲಗೆ ಒತ್ತಬೇಕು, ಒಬ್ಬರ ಮುಲಾಮನ್ನು ಮತ್ತೊಬ್ಬರು ಬಳಸಬಾರದು. ನಿಷೇಧ: ಬಾಯೊಳಗೆ, ಕಣ್ಣಿಗೆ ಸರ್ವಥಾ ಹಚ್ಚಬಾರದು. ಗರ್ಭಿಣಿಯರೂ, ರೋಗನಿರೋಧಶಕ್ತಿ ಕುಂದಿದವರೂ ವೈದ್ಯರ ಸಲಹೆಯಿಲ್ಲದೆ ಬಳಸತಕ್ಕದ್ದಲ್ಲ. ಅಂಗಡಿಯಲ್ಲಿ ತುರಿಕೆಗೆಂದು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಈ ಗುಳ್ಳೆಗೆ ಹಚ್ಚಿದರೆ ರೋಗವು ಉಲ್ಬಣಿಸಬಹುದು.

ಫಲವನ್ನೂ ಯಥಾರ್ಥವಾಗಿ ಹೇಳಬೇಕು. ಈ ಲೇಪದಿಂದ ರೋಗದ ಅವಧಿಯು ಒಂದು ದಿನದಷ್ಟೋ ಅದಕ್ಕಿಂತ ಕಡಮೆಯೋ ತಗ್ಗುತ್ತದೆ, ನಿರ್ಮೂಲನೆಯಾಗುವುದಿಲ್ಲ. ವೈರಸ್ಸು ಮುಖದ ನರದ ಬುಡದಲ್ಲಿ ಅಡಗಿ, ಜ್ವರ, ಬಿಸಿಲು, ಬಳಲಿಕೆಗಳ ಸಮಯದಲ್ಲಿ ಮರಳಿ ತಲೆಯೆತ್ತುತ್ತದೆ. ಅಲ್ಲಿಗೆ ಲೇಪವೂ ಮುಟ್ಟದು, ತೀರ್ಥವೂ ಮುಟ್ಟದು. ಭಾರತ ಹುಣ್ಣಿಮೆಗೆ ನಡೆದು ಬರುವ ಭಕ್ತರು ಜೋಗುಳಬಾವಿಯಲ್ಲಿ ಮಿಂದು ಮನಶ್ಶಾಂತಿಯನ್ನು ಪಡೆಯಲಿ. ಆದರೆ ತುಟಿಯಲ್ಲಿ ಗುಳ್ಳೆಯಿರುವವರು ಅದು ಪೂರ್ತಿ ಒಣಗುವವರೆಗೆ ಎಳೆಗೂಸಿಗೆ ಮುತ್ತಿಡಬಾರದು. ದೊಡ್ಡವರಿಗೆ ಅಲ್ಪವಾದ ಈ ರೋಗವು ನವಜಾತ ಶಿಶುವಿಗೆ ಪ್ರಾಣಾಂತಿಕವಾಗಬಲ್ಲದು. ಇಷ್ಟೊಂದು ಮಾತು ತೊಟ್ಟಿಲಿನ ಬಳಿಯಲ್ಲಿ ನಿಲ್ಲುವ ಪ್ರತಿಯೊಬ್ಬ ಅಜ್ಜಿಗೂ ತಿಳಿದಿರತಕ್ಕದ್ದು.

ತಿಳಿಸುವವರು ಯಾರು? ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರ, ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ, ಇವೆಲ್ಲ ಶಾಸ್ತ್ರವನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ ಉಣಬಡಿಸಿದ ಗ್ರಂಥಗಳು. ಆ ಪರಂಪರೆಗೆ ವಾರಸುದಾರರಾದ ನಾವು ಔಷಧದ ಡಬ್ಬಿಯೊಳಗಿನ ಒಂದು ಚೀಟಿಯನ್ನು ಸ್ಪಷ್ಟವಾದ ಕನ್ನಡಕ್ಕೆ ತರಲಾರೆವೆ? ಹಾಗೆ ತರುವಾಗ ಹರ್ಪೀಸ್ ಎಂದಿರುವಲ್ಲೆಲ್ಲ ಸರ್ಪಸುತ್ತೆಂದು ಬರೆಯದೆ, ತುಟಿಯದಕ್ಕೆ ತುಟಿಯ ಗುಳ್ಳೆಯೆಂದೇ ಬರೆಯುವುದು ಯುಕ್ತ. ಧಾತುವಿನ ಬಾಂಧವ್ಯವು ಕೋಶದಲ್ಲಿರಲಿ; ರೋಗಿಯ ಕೈಗೆ ಸೇರುವ ಹೆಸರು ಅವನ ರೋಗದ್ದಾಗಿರಲಿ.